ಒಲೆ ಎಲ್ಲಿ ಕೂರಬೇಕು?

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಅಡಿಗೆ ಮನೆ ನೋಡಿ ಗಾಬರಿಯಾಯಿತು. ಕಟ್ಟೆ ಮೇಲಿರಬೇಕಾದ ಗ್ಯಾಸ್ ಒಲೆ ನೆಲದ ಮೇಲಿತ್ತು. ಪಕ್ಕದಲ್ಲೇ ಸಿಲಿಂಡರ್. ಅಮ್ಮ ಮಣೆ ಹಾಕಿಕೊಂಡು ಕೂತು ಹಿಟ್ಟು ತಿರುವುತ್ತಿದ್ದಳು.

ಅದೇ ತಿಂಗಳು ಗ್ಯಾಸ್ ಸುರಕ್ಷತೆ ಬಗ್ಗೆ ನಾನು ಪತ್ರಿಕೆಗೆ ಸುದ್ದಿ ಕಳಿಸಿದ್ದೆ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಎತ್ತರದಲ್ಲಿರಬೇಕು ಅಂತ ನಾನೇ ಬರೆದಿದ್ದೆ. ನನ್ನ ಮನೆಯಲ್ಲೇ ಹೀಗೆ! ಸ್ವಲ್ಪ ಜೋರಾಗಿಯೇ ರೇಗಿದೆ.

ಅಮ್ಮ ಕೋಲು ನಿಲ್ಲಿಸಲಿಲ್ಲ. "ನೀನೊಂದ್ಸಲ ಆ ಕಟ್ಟೆ ಮೇಲೆ ಹಿಟ್ಟು ತಿರುವು ಕಣಪ್ಪ. ಆಮೇಲೆ ಪೇಪರ್‌ಗೆ ಬರಿ" ಅಂದಳು.

ಮಾರನೇ ದಿನ ತಿರುವಿ ನೋಡಿದೆ. ತಪ್ಪಲೆ ಒಲೆಯ ಮೇಲೆ ತಿರುಗುತ್ತದೆ, ಒಲೆ ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಕವೆಗೋಲು ಮೆಟ್ಟಿ ಹಿಡಿಯಲು ಕಾಲಿಗೆ ಜಾಗವೇ ಇಲ್ಲ. ಟೇಪು ತಂದು ಅಳೆದೆ. ಕಟ್ಟೆ 32 ಇಂಚು, ಅದರ ಮೇಲೆ ಒಲೆ, ಅದರ ಮೇಲೆ ತಪ್ಪಲೆ. ಒಟ್ಟು ಹತ್ತಿರ ಹತ್ತಿರ ನಾಲ್ಕು ಅಡಿ. ಅಮ್ಮ ಇರುವುದೇ ಐದು ಅಡಿಗೆ ಎರಡಿಂಚು ಕಮ್ಮಿ. ಕುದಿಯುವ ತಪ್ಪಲೆಯ ಬಾಯಿ ಅವಳ ಭುಜಕ್ಕೆ ಬರುತ್ತದೆ. ಭುಜದ ಎತ್ತರದಲ್ಲಿ ಕೋಲು ಹಿಡಿದು ಯಾರು ತಾನೇ ಹಿಟ್ಟು ತಿರುವಿಯಾರು?

ಅವತ್ತಿನಿಂದ ಒಲೆಯ ಚರಿತ್ರೆ ಹುಡುಕಿಕೊಂಡು ಓದತೊಡಗಿದೆ. ಕೆಡದ ಬೆಂಕಿ, ಹೊಗೆ ಇಲ್ಲದ ಬೆಂಕಿ, ಕಮ್ಮಿ ಸೌದೆಯ ಬೆಂಕಿ ಮಾಡಲು ನೂರು ವರ್ಷದಿಂದ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ. ಆದರೆ ಒಲೆ ಮನೆಯೊಳಗೆ ಎಲ್ಲಿ ಕೂರುತ್ತದೆ, ಅದರ ಸುತ್ತ ಏನೇನಿರುತ್ತದೆ, ಮುಂದೆ ಕೂತವರು ಹೇಗೆ ಕೂರುತ್ತಾರೆ ಅಂತ ಮೊದಲು ಕೇಳಿದವರು ಕಮ್ಮಿ. ಕೇಳದೆ ಮಾಡಿದ ಒಲೆಗಳು ಹೆಚ್ಚು ದಿನ ಬಾಳಲಿಲ್ಲ.

ಹಳೇ ಅಡಿಗೆ ಮನೆಯ ಲೆಕ್ಕ

ನಮ್ಮ ಅಜ್ಜಿಯ ಕಾಲದ ಅಡಿಗೆ ಮನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮೂಲೆಯಲ್ಲಿ ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ. ಮುಂದಿನ ಒಲೆಯ ಉರಿ ಕೋಡೊಲೆಗೆ ಹೋಗಿ ಸಾರನ್ನು ಬಿಸಿಯಾಗಿ ಇಡುತ್ತಿತ್ತು. ಒಲೆಯ ಮೇಲ್ಗಡೆ ಅಟ್ಟ. ಹಸಿ ಸೌದೆ ಅಲ್ಲಿ ಕೂತರೆ ಮಳೆಗಾಲದಲ್ಲೂ ಒಣಗುತ್ತಿತ್ತು. ಬೀಜದ ಜೋಳದ ತೆನೆ ಅಲ್ಲೇ ತೂಗುತ್ತಿತ್ತು, ಹೊಗೆಗೆ ಹುಳ ಬೀಳುತ್ತಿರಲಿಲ್ಲ. ಹುಲ್ಲಿನ ಮನೆಯಾದರೆ ಅದೇ ಹೊಗೆ ಸೂರಿನ ಹುಲ್ಲಿಗೂ ಗೆದ್ದಲು ಹತ್ತದಂತೆ ಕಾಯುತ್ತಿತ್ತು.

ಕೈಗೆ ಸಿಗುವಲ್ಲಿ ಊದುಗೊಳವೆ. ಗೋಡೆಯ ಗೂಡಲ್ಲಿ ಬೆಂಕಿಪೊಟ್ಟಣ, ಉಪ್ಪಿನ ಮರಿಗೆ. ಬೆಕ್ಕಿಗೆ ಎಟುಕದಂತೆ ನೆಲುವಿನಲ್ಲಿ ಬೆಣ್ಣೆ. ನೆಲದಲ್ಲಿ ಹೂತ ಒರಳು. ಗೋಡೆಯಾಚೆ ಬಚ್ಚಲು, ಅಲ್ಲಿ ಹಂಡೆ.

ಇದನ್ನೆಲ್ಲ ಯಾವ ಎಂಜಿನಿಯರೂ ಬರೆದುಕೊಟ್ಟದ್ದಲ್ಲ. ಕೂತಲ್ಲಿಂದ ಏಳದೆ ಹತ್ತು ಕೆಲಸ ಆಗಬೇಕು ಅಂತ ತಲೆಮಾರುಗಳ ಹೆಂಗಸರು ಮಾಡಿಕೊಂಡ ವ್ಯವಸ್ಥೆ. ಒಂದು ದೊಡ್ಡ ಕೆಡುಕೂ ಅದರೊಳಗಿತ್ತು. ಬೀಜ ಕಾಯುತ್ತಿದ್ದ ಹೊಗೆಯೇ ಅಜ್ಜಿಯ ಕಣ್ಣು, ಪುಪ್ಪುಸ ಎರಡನ್ನೂ ತಿನ್ನುತ್ತಿತ್ತು. ಅಜ್ಜಿಯ ಕೆಮ್ಮು ನಮಗೆಲ್ಲ ಮನೆಯ ಗಡಿಯಾರದ ಸದ್ದಿನಷ್ಟೇ ಅಭ್ಯಾಸವಾಗಿಬಿಟ್ಟಿತ್ತು. ಹಾಗಾಗಿ ಹಳೆಯದೇ ಚೆನ್ನ ಅಂತ ನಾನು ಹೇಳುತ್ತಿಲ್ಲ. ಹಳೆಯದನ್ನು ಬದಲಿಸುವವರು ಅದು ಮಾಡುತ್ತಿದ್ದ ಕೆಲಸಗಳನ್ನು ಮೊದಲು ಎಣಿಸಿಕೊಳ್ಳಬೇಕು ಅಂತ ಹೇಳುತ್ತಿದ್ದೇನೆ.

ಹೆಜ್ಜೆ ಎಣಿಸಿದ ಹೆಂಗಸು

ಅಡಿಗೆ ಮನೆಯಲ್ಲಿ ಏನು ಎಲ್ಲಿರಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿದ ಅತಿ ಹೆಸರಾದ ಪ್ರಯೋಗ ನಡೆದದ್ದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ, 1926ರಲ್ಲಿ. ಮೊದಲ ಮಹಾಯುದ್ಧ ಮುಗಿದು ಕೂಲಿಕಾರರಿಗೆ ಮನೆಗಳಿಲ್ಲದ ಕಾಲ. ನಗರಾಡಳಿತ ಸಾವಿರಾರು ಮನೆ ಕಟ್ಟಿಸಲು ಹೊರಟಿತು. ಅಡಿಗೆ ಮನೆಯ ಕೆಲಸ ಸಿಕ್ಕಿದ್ದು ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಯುವತಿಗೆ. ಆಕೆ ವಾಸ್ತುಶಿಲ್ಪ ಓದಿದ್ದರು.

ಅವರು ರೈಲಿನ ಊಟದ ಬೋಗಿಯ ಅಡಿಗೆ ಮನೆಯನ್ನು ಗಮನಿಸಿದರು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜನಕ್ಕೆ ಅಡಿಗೆ ಹೇಗಾಗುತ್ತದೆ? ಒಲೆಯಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಅಂತ ಅಳೆದರು. ಕೊನೆಗೆ ಮಾಡಿದ್ದು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕೋಣೆ. ನಮ್ಮ ಲೆಕ್ಕದಲ್ಲಿ ಆರು ಅಡಿಗೆ ಹನ್ನೊಂದು ಅಡಿ. ಕಿಟಕಿಯ ಬೆಳಕಿಗೆ ಸರಿಯಾಗಿ ತರಕಾರಿ ಹೆಚ್ಚುವ ಹಲಗೆ, ಕೂತು ಕೆಲಸ ಮಾಡಲು ತಿರುಗುವ ಸ್ಟೂಲು. ಬೇಳೆ, ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿ. ಹಿಟ್ಟಿಗೆ ಮಾತ್ರ ಓಕ್ ಮರದ ಡಬ್ಬಿ, ಆ ಮರಕ್ಕೆ ಹುಳ ಬರುವುದಿಲ್ಲ ಅಂತ. ನಮ್ಮ ಅಜ್ಜಿಯರು ಬೀಜದ ತೆನೆಯನ್ನು ಹೊಗೆಗೆ ಕಟ್ಟಿದ ಬುದ್ಧಿಯೇ ಅಲ್ಲವೇ ಇದು?

ಇಂಥ ಅಡಿಗೆ ಮನೆಗಳು ಸುಮಾರು ಹತ್ತು ಸಾವಿರ ಆದವು. ಇವತ್ತು ಪಟ್ಟಣದ ಮನೆಗಳಲ್ಲಿ ಕಾಣುವ ಉದ್ದ ಕಟ್ಟೆ, ಮೇಲೆ ಕಪಾಟು, ಮಧ್ಯೆ ಸಿಂಕ್ ಎಲ್ಲಕ್ಕೂ ಅದೇ ಅಜ್ಜಿ ಅಂತ ಹೇಳಬಹುದು. ಆದರೆ ಅಲ್ಲಿ ವಾಸಕ್ಕೆ ಬಂದವರೆಲ್ಲ ಖುಷಿಪಡಲಿಲ್ಲ. ಕೂಲಿಕಾರರ ಮನೆಗಳಲ್ಲಿ ಅಡಿಗೆ ಮನೆ ಅಂದರೆ ಊಟ ಮಾಡುವ, ಮಕ್ಕಳು ಆಡುವ, ಚಳಿಗೆ ಎಲ್ಲರೂ ಸೇರುವ ಜಾಗ. ಹೊಸ ಕೋಣೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತಿತ್ತು. ಹೆಜ್ಜೆ ಉಳಿಯಿತು, ಆದರೆ ಅಡಿಗೆ ಮಾಡುವವಳು ಒಂಟಿಯಾದಳು. ತಾವು ಆ ಅಡಿಗೆ ಮನೆ ಮಾಡುವ ಮುಂಚೆ ಒಂದು ದಿನವೂ ಅಡಿಗೆ ಮಾಡಿರಲಿಲ್ಲ ಅಂತ ಲಿಹೋಟ್ಸ್ಕಿ ಮುಪ್ಪಿನಲ್ಲಿ ತಾವೇ ಹೇಳಿಕೊಂಡರು. ಅವರು 102 ವರ್ಷ ಬದುಕಿದ್ದರು.

ಹೊಗೆಯ ಹಿಂದೆ ಹೋದವರು

ನಮ್ಮ ದೇಶದಲ್ಲಿ ಮೊದಲ ಚಿಂತೆ ಹೆಜ್ಜೆಯದ್ದಲ್ಲ, ಹೊಗೆಯದ್ದು. ಗಾಂಧೀಜಿಯ ಗ್ರಾಮೋದ್ಯೋಗ ಕೆಲಸ ನಡೆಯುತ್ತಿದ್ದ ವಾರ್ಧಾದ ಮಗನವಾಡಿಯಿಂದ 1947ರಲ್ಲಿ ಮಗನ್ ಒಲೆ ಬಂತು. 1953ರಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಎಸ್.ಪಿ. ರಾಜು ಕೋಟ್ಯಂತರ ಜನಕ್ಕೆ ಹೊಗೆಯಿಲ್ಲದ ಅಡಿಗೆ ಮನೆ ಅಂತ ಪುಸ್ತಿಕೆಯನ್ನೇ ಬರೆದರು. ಎರಡೂ ಮಣ್ಣಿನ ಒಲೆಗಳೇ. ಒಂದೇ ಬೆಂಕಿಗೆ ಎರಡು ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ.

ಹೊಗೆ ಎಷ್ಟು ಕೆಟ್ಟದ್ದು ಅಂತ ಅಳತೆ ಸಿಕ್ಕಿದ್ದು ತಡವಾಗಿ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಭಾರತೀಯ ಜೊತೆಗಾರರು ಗುಜರಾತಿನ ಹಳ್ಳಿಗಳಿಗೆ ಹೋದರು. ಗಾಳಿಯ ಕೊಳೆ ಅಳೆಯುವ ಯಂತ್ರಗಳು ಆವರೆಗೆ ಪಟ್ಟಣದ ಕಟ್ಟಡಗಳ ಮೇಲೆ ಕೂರುತ್ತಿದ್ದವು. ಇವರು ಚಿಕ್ಕ ಯಂತ್ರವನ್ನು ಅಡಿಗೆ ಮಾಡುವ ಹೆಂಗಸರ ಮೈಗೇ ಕಟ್ಟಿದರು. ಒಲೆ ಮುಂದೆ ಅವರು ಉಸಿರಾಡುತ್ತಿದ್ದ ಗಾಳಿ ಪಟ್ಟಣದ ರಸ್ತೆಯ ಗಾಳಿಗಿಂತ ಎಷ್ಟೋ ಪಟ್ಟು ಕೆಟ್ಟದಾಗಿತ್ತು.

ಯಂತ್ರ ಅದೇ. ಇಟ್ಟ ಜಾಗ ಬದಲಾಯಿತು, ಅಷ್ಟೇ. ಅಲ್ಲಿಯವರೆಗೆ ಕಾಣದ ರೋಗ ಕಂಡಿತು.

ನಮ್ಮ ಕುಣಿಗಲ್ ತಾಲ್ಲೂಕಿನಲ್ಲಿ

ಈ ಕತೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಇದನ್ನು ನಾನು ಓದಿದ್ದು ಡಿಪ್ಲೊಮಾ ಮುಗಿಸಿ ಎಷ್ಟೋ ವರ್ಷದ ಮೇಲೆ ಅನ್ನುವುದಕ್ಕೆ ನಾಚಿಕೆಯಾಗುತ್ತದೆ.

1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಹಳ್ಳಿಗಳಿಗಾಗಿಯೇ ಒಂದು ವಿಭಾಗ ಶುರು ಮಾಡಿದರು. ಹೆಸರು ಅಸ್ತ್ರ. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆಯಿತು. ಒಲೆಗೆ ಕೈ ಹಾಕುವ ಮುಂಚೆ ಅವರು ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಲೆಕ್ಕ ಬರೆದರು. ಅದರಲ್ಲಿ ಪುರ ಎಂಬ ಹಳ್ಳಿ ಹೆಸರಾಯಿತು. ಆಗ ಅಲ್ಲಿ 56 ಮನೆ, 357 ಜನ.

ಅವರು ಕೇಳಿದ್ದು ಬಲು ಸಾದಾ ಪ್ರಶ್ನೆ. ಈ ಊರಿನಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಸಿಕ್ಕ ಉತ್ತರ ಕರೆಂಟೂ ಅಲ್ಲ, ಸೀಮೆಎಣ್ಣೆಯೂ ಅಲ್ಲ. ಬಹುಪಾಲು ಸೌದೆ. ಅದರಲ್ಲೂ ಹೆಚ್ಚಿನದು ಅಡಿಗೆ ಒಲೆಗೆ, ಉಳಿದದ್ದು ಸ್ನಾನದ ನೀರಿಗೆ. ಹತ್ತು ಕಿಲೋದಷ್ಟು ಸೌದೆಗಾಗಿ ಒಂದೊಂದು ಮನೆಯವರು ದಿನಕ್ಕೆ ಸುಮಾರು ಎರಡೂವರೆ ಗಂಟೆ, ಐದು ಕಿಲೋಮೀಟರಿನಷ್ಟು ಓಡಾಡುತ್ತಿದ್ದರು. ಆ ಓಡಾಟದಲ್ಲಿ ದೊಡ್ಡ ಪಾಲು ಹೆಂಗಸರು, ಮಕ್ಕಳದ್ದು.

ಇದರಿಂದ ಹುಟ್ಟಿದ್ದು ಅಸ್ತ್ರ ಒಲೆ. ಮೂರು ಕಣ್ಣು, ಅಂದರೆ ಒಂದೇ ಬೆಂಕಿಗೆ ಮೂರು ಪಾತ್ರೆ. ಸುತ್ತ ಮುಚ್ಚಿದ ಒಲೆ, ಸೂರಿನಾಚೆಗೆ ಹೊಗೆ ಕೊಳವೆ. ಮಾಮೂಲಿ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಬಿಸಿ ಪಾತ್ರೆಗೆ ಸೇರುವುದು ನೂರಕ್ಕೆ ಹತ್ತು ಹದಿನೈದು ಪಾಲು. ಅಸ್ತ್ರ ಒಲೆಯಲ್ಲಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ, ಅದು ನಲವತ್ತು ದಾಟಿತು. ಮಣ್ಣು, ಇಟ್ಟಿಗೆಯ ಒಲೆಗೆ ಇದು ಸಣ್ಣ ಸಾಧನೆಯಲ್ಲ. ನಮ್ಮ ಕಡೆ ನಲವತ್ತು ದಾಟಿದವರಲ್ಲಿ ಅನೇಕರಿಗೆ ಆ ಕೊಳವೆಯ ಒಲೆ ಈಗಲೂ ನೆನಪಿದೆ.

ಆದರೆ ಇಂಥ ಒಲೆಗಳು ಪ್ರಯೋಗಾಲಯದಿಂದ ಮನೆಗೆ ಬಂದಾಗ ಜಾಗದ ಪ್ರಶ್ನೆಗಳು ಎದ್ದವು. ಕಟ್ಟಿದ ಒಲೆ ಕಟ್ಟಿದಲ್ಲೇ. ಬೇಸಿಗೆಯಲ್ಲಿ ಅದನ್ನು ಹಿತ್ತಲಿಗೆ ಒಯ್ಯಲು ಆಗುವುದಿಲ್ಲ. ಕಣ್ಣಿನ ಅಳತೆ ಮೊದಲೇ ಗೊತ್ತಾಗಿರುತ್ತದೆ. ಆ ಅಳತೆಯ ಪಾತ್ರೆ ಇಡದಿದ್ದರೆ ಸಂದಿಯಿಂದ ಹೊಗೆ ಮನೆಯೊಳಕ್ಕೇ ಬರುತ್ತದೆ. ಕೊಳವೆಗಾಗಿ ಹೆಂಚು ತೆಗೆದರೆ ಮಳೆಗೆ ಸೋರುತ್ತದೆ. ಬಾಯಿ ಚಿಕ್ಕದಾದರೆ ಸೌದೆ ಸಣ್ಣಗೆ ಸೀಳಬೇಕು, ಅದು ಇನ್ನೊಂದು ಗಂಟೆಯ ಕೆಲಸ. ಕೊಳವೆಯ ಮಸಿ ಆಗಾಗ ತೆಗೆಯಬೇಕು. ಸೂರಿನ ಮೇಲೆ ಹತ್ತುವವರು ಯಾರು? ಹೊಗೆ ಹೊರಗೆ ಹೋಯಿತು ಸರಿ, ಅಟ್ಟದ ಸೌದೆ ಒಣಗುವುದೂ ಅದರ ಜೊತೆಗೇ ಹೋಯಿತು.

ಮೂರು ಕೋಟಿ ಒಲೆಗಳು

1983ರ ಕೊನೆಗೆ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದ್ದಾಯಿತು ಅಂತ ಲೆಕ್ಕ. ಲೆಕ್ಕ ಇದ್ದದ್ದು ಹಾಕಿದ ಒಲೆಗೆ. ಉರಿಯುವ ಒಲೆಗೆ ಯಾರ ಲೆಕ್ಕವೂ ಗಟ್ಟಿಯಿರಲಿಲ್ಲ. ಸರ್ಕಾರಿ ಯೋಜನೆಗಳ ಸುದ್ದಿ ಬರೆಯುವ ನಮ್ಮಂಥವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಗುರಿ ಮುಟ್ಟಿದ ವರದಿ ಕೈಗೆ ಬರುತ್ತದೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಅದರ ಮೇಲೆ ಕೋಳಿ ಕೂತಿರುತ್ತದೆ.

ಆಮೇಲೆ ಒಡಿಶಾದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಎಸ್ತರ್ ಡುಫ್ಲೊ, ರೆಮಾ ಹನ್ನಾ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಕೊಳವೆ ಇರುವ ಮಣ್ಣಿನ ಒಲೆ ಹಾಕಿಸಿಕೊಂಡ ಮನೆಗಳನ್ನು ನಾಲ್ಕು ವರ್ಷದವರೆಗೆ ಹಿಂಬಾಲಿಸಿದರು. ಮೊದಲ ವರ್ಷ ಹೆಂಗಸರ ಒಳಗೆ ಹೋಗುವ ಹೊಗೆ ಕಮ್ಮಿಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ರಿಪೇರಿ ಮಾಡಿಸಲಿಲ್ಲ, ಹಳೇ ಒಲೆಯನ್ನು ಬಿಡಲೂ ಇಲ್ಲ.

ಇದನ್ನು ಓದಿದವರು ಸುಲಭಕ್ಕೆ ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಿನಾ ಮೂರು ಹೊತ್ತು ಆ ಒಲೆಯ ಜೊತೆ ಇರುವವಳು ಅದನ್ನು ದಿನಾ ಪರೀಕ್ಷೆ ಮಾಡುತ್ತಿರುತ್ತಾಳೆ. ಪಾಸಾಗದ್ದನ್ನು ಗಲಾಟೆ ಮಾಡದೆ ಮೂಲೆಗೆ ತಳ್ಳುತ್ತಾಳೆ.

ಗೆದ್ದ ಕಲ್ಲು, ಬಂದ ನಲ್ಲಿ

ಹಳ್ಳಿಯವರು ಹೊಸದನ್ನು ಒಪ್ಪುವುದಿಲ್ಲ ಅನ್ನುವವರಿಗೆ ಗ್ರೈಂಡರ್ ತೋರಿಸಿ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಒರಳನ್ನು ಯಂತ್ರ ಮಾಡಲು ಹೊರಟರು. ನಮ್ಮ ಒರಳಿನಲ್ಲಿ ಕಲ್ಲು ನೆಲದಲ್ಲಿ ಕೂತಿರುತ್ತದೆ, ಗುಂಡು ತಿರುಗುತ್ತದೆ. ಗ್ರೈಂಡರಿನಲ್ಲಿ ಅದು ತಿರುಗುಮುರುಗಾಯಿತು. ಗುಂಡನ್ನು ಹಿಡಿದು ನಿಲ್ಲಿಸಿ ಒರಳನ್ನೇ ಮೋಟಾರಿನಿಂದ ತಿರುಗಿಸಿದರು.

ರುಬ್ಬುವುದು ಕಲ್ಲೇ, ಹಾಗಾಗಿ ಹಿಟ್ಟಿನ ಹದ ಕೆಡಲಿಲ್ಲ. ನೆಲಕ್ಕೆ ಅಂಟಿಕೊಂಡಿದ್ದ ಒರಳು ಎದ್ದು ಬಂದು ಪ್ಲಗ್ ಪಾಯಿಂಟ್ ಪಕ್ಕ ನಿಂತಿತು. ಹೆಂಗಸರ ಬೆನ್ನು ನೋವು ಕಮ್ಮಿಯಾಯಿತು. ಗ್ರೈಂಡರ್ ಕೊಳ್ಳಿ ಅಂತ ಜಾಗೃತಿ ಜಾಥಾ ಮಾಡಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಬೀದಿಯ ಹೆಂಗಸರು ಚೀಟಿ ಹಾಕಿ ಕೊಂಡರು.

ಪುರದಲ್ಲೂ ಇಂಥದ್ದೇ ಒಂದು ಪಾಠ ಆಯಿತು. ಊರಿನ ಸಗಣಿ ಸೇರಿಸಿ ಗೋಬರ್ ಗ್ಯಾಸ್ ಮಾಡಿ ಎಲ್ಲರ ಅಡಿಗೆಗೆ ಕೊಡುವುದು ಅಸ್ತ್ರದವರ ಮೊದಲ ಆಲೋಚನೆ. ಎಲ್ಲ ಮನೆಗೂ ಸಾಲುವಷ್ಟು ಗ್ಯಾಸ್ ಆಗಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದದ್ದೂ ಬೇರೆ, ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಬೋರ್‌ವೆಲ್ ನೀರನ್ನು ಬೀದಿಯ ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ನೀರು ಇರುವ ಜಾಗ ಬದಲಾಯಿತು. ಜನ ಸಗಣಿ ತಂದು ಹಾಕಿದರು, ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು.

ಈಗ ಸಿಲಿಂಡರ್

1965ರಲ್ಲಿ ಕಲ್ಕತ್ತಾದಲ್ಲಿ ಇಂಡೇನ್‌ನ ಮೊದಲ ಸಂಪರ್ಕ ಕೊಟ್ಟಾಗ ಗ್ಯಾಸ್ ಪಟ್ಟಣದವರ ವಸ್ತು. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಗಿ, 2019ರ ಹೊತ್ತಿಗೆ ಎಂಟು ಕೋಟಿ ಸಂಪರ್ಕ ಕೊಟ್ಟಿದ್ದಾಯಿತು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಅಡಿಗೆಗೆ ಮುಖ್ಯವಾಗಿ ಗ್ಯಾಸಿನಂಥ ಶುದ್ಧ ಇಂಧನ ಬಳಸುವ ಮನೆಗಳು ನೂರಕ್ಕೆ 43. ಸಿಲಿಂಡರಿನ ಬೆಲೆ ಇದಕ್ಕೆ ದೊಡ್ಡ ಕಾರಣ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಲೆಯೊಂದೇ ಕಾರಣ ಅಲ್ಲ ಅಂತ ನಮ್ಮ ಅಡಿಗೆ ಮನೆ ಹೇಳಿತು.

ಗ್ಯಾಸಿಗೆ ತನ್ನದೇ ಜಾಗದ ನಿಯಮ ಇದೆ. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಬೆಂಕಿಯೂ ನೆಲದ ಮಟ್ಟದಲ್ಲೇ ಇದ್ದರೆ ಹತ್ತಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರ್ ನೆಟ್ಟಗೆ ನೆಲದ ಮೇಲೆ, ಒಲೆ ಅದಕ್ಕಿಂತ ಎತ್ತರದಲ್ಲಿ. ಈ ನಿಯಮದಲ್ಲಿ ರಾಜಿ ಇಲ್ಲ. ಆದರೆ ರಾಗಿ ಮುದ್ದೆಗೂ ತನ್ನ ನಿಯಮ ಇದೆ. ಅದಕ್ಕೆ ತಗ್ಗಿನ ಒಲೆ ಬೇಕು, ಅಲುಗದ ತಪ್ಪಲೆ ಬೇಕು, ಭುಜದ ಭಾರ ಕೋಲಿನ ಮೇಲೆ ಬೀಳಬೇಕು. ನಿಂತು ಮಾಡುವ ಅಡಿಗೆಗೆ ಹುಟ್ಟಿದ ಒಲೆಯನ್ನು ಕೂತು ಮಾಡುವ ಅಡಿಗೆಯ ಮನೆಗೆ ಕೊಟ್ಟೆವು. ಮಧ್ಯದ ಅಂತರವನ್ನು ಅಮ್ಮನಂಥವರಿಗೆ ಬಿಟ್ಟೆವು. ಅವರು ಒಲೆಯನ್ನು ಕೆಳಗಿಳಿಸಿಕೊಂಡರು, ಇಲ್ಲವೇ ಟೀಗೆ ಗ್ಯಾಸು, ಮುದ್ದೆಗೆ ಸೌದೆ ಅಂತ ಎರಡೂ ಇಟ್ಟುಕೊಂಡರು.

ಕೊನೆಗೆ ನಮ್ಮ ಮನೆಯಲ್ಲಿ ಏನು ಮಾಡಿದೆವು ಅಂತ ಹೇಳಿ ಮುಗಿಸುತ್ತೇನೆ. ಕಟ್ಟೆ ಇಳಿಸಿದರೆ ಸಿಲಿಂಡರಿನ ನಿಯಮ ಮುರಿಯುತ್ತದೆ. ನಮ್ಮೂರ ಗಾರೆ ಕೆಲಸದವರೇ ದಾರಿ ಹೇಳಿದರು. "ಕಟ್ಟೆ ಇಳಿಸ್ಬೇಡಿ ಸಾರ್, ಅಮ್ಮಾರು ನಿಲ್ಲೋ ನೆಲ ಏರ್ಸಿ." ಕಟ್ಟೆಯ ಉದ್ದಕ್ಕೂ ಹತ್ತು ಇಂಚು ಎತ್ತರ, ಎಡವದಷ್ಟು ಅಗಲದ ಜಗುಲಿ ಕಟ್ಟಿದರು. ಕಟ್ಟೆಯ ಅಂಚಿಗೆ ಎರಡು ಕಬ್ಬಿಣದ ಬಳೆ ಕೂರಿಸಿದರು, ಕವೆಗೋಲಿನ ತುದಿ ಅದಕ್ಕೆ ಸಿಕ್ಕಿ ತಪ್ಪಲೆ ಅಲುಗದಂತೆ. ಜಗುಲಿ ಬಂದ ಮೇಲೆ ಕಟ್ಟೆಯ ಕೆಳಗಿನ ಜಾಗ ಗುಂಡಿಯಂತಾಯಿತು. ಅಲ್ಲಿ ಗ್ಯಾಸ್ ನಿಲ್ಲಬಾರದು ಅಂತ ಸಿಲಿಂಡರನ್ನು ಜಗುಲಿ ಮುಗಿಯುವ ಕಡೆ, ಹಿತ್ತಲ ಬಾಗಿಲ ಪಕ್ಕದ ಬಯಲು ನೆಲಕ್ಕೆ ತಂದೆವು. ಒಲೆಯನ್ನೂ ಆ ಕಡೆಗೇ ಸರಿಸಿದೆವು.

ಅಮ್ಮ ಮೂರು ದಿನ ಗೊಣಗಿದಳು. ನಾಲ್ಕನೇ ದಿನ ಫೋನ್ ಮಾಡಿದಾಗ ಹಿಟ್ಟು ಮೇಲೇ ತಿರುವುತ್ತಿದ್ದೀನಿ ಅಂದಳು. ಮಂಡಿ ನೋವಿಗೆ ಕೂತು ಏಳುವುದು ತಪ್ಪಿದ್ದು ಅವಳಿಗೆ ಎಲ್ಲಕ್ಕಿಂತ ಹಿತವಾಗಿದೆಯಂತೆ. ನೆಂಟರು ಬಂದು ದೊಡ್ಡ ತಪ್ಪಲೆ ಇಟ್ಟ ದಿನ ಮಾತ್ರ ಹಿತ್ತಲಿನ ಸೌದೆ ಒಲೆಯೇ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಹಿತ್ತಲಿನ ಬಯಲಲ್ಲಿ ಹೊಗೆ ಮೇಲೆ ಹೋಗುತ್ತದೆ.

ನಿಮ್ಮ ಮನೆಗೂ ನಾಳೆ ಇಂಡಕ್ಷನ್ ಒಲೆಯೋ ಗೋಬರ್ ಗ್ಯಾಸೋ ಮತ್ತೊಂದೋ ಬರುತ್ತದೆ. ಯೋಜನೆಯವರು ಸಬ್ಸಿಡಿ ಎಷ್ಟು ಅಂತ ಹೇಳುತ್ತಾರೆ. ನೀವು ಮೊದಲು ಅವರನ್ನು ನಿಮ್ಮ ಅಡಿಗೆ ಮನೆಗೆ ಕರೆದುಕೊಂಡು ಹೋಗಿ. ಇದನ್ನು ಎಲ್ಲಿಡುತ್ತೀರಿ, ನಮ್ಮ ಪಾತ್ರೆ ಇದರ ಮೇಲೆ ಕೂರುತ್ತದಾ, ಕೆಟ್ಟರೆ ಯಾರು ಬರುತ್ತಾರೆ ಅಂತ ಕೇಳಿ. ಅಡಿಗೆ ಮಾಡುವವರನ್ನೂ ಜೊತೆಗೆ ನಿಲ್ಲಿಸಿಕೊಂಡು ಕೇಳಿ. ಇಂಥ ಸುದ್ದಿ ಬರೆಯುವಾಗ ನಾನೂ ಇನ್ನು ಮುಂದೆ ಟೇಪು ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.